ಹೆಸರು ಬರೆದಲ್ಲೇ ಹಾಳಾದ ಡಿಸ್ಕ್‌ಗಳು: ಕುಮಟಾ ಕಡೆಯ ಒಂದು ತಾಳಮದ್ದಳೆ ಸಂಗ್ರಹದ ಪ್ರಕರಣ

ಇದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಗೆ ಹತ್ತಿರ ಇರುವ ಒಂದು ಊರಿನ ತಾಳಮದ್ದಳೆ ಸಂಘದ ಪ್ರಕರಣ. ಊರು, ಸಂಘ, ಕಲಾವಿದರು ಯಾರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಸಂಘದವರ ಒಪ್ಪಿಗೆ ಇದೆ. ಬೇರೆ ಊರುಗಳಲ್ಲೂ ತಾಳಮದ್ದಳೆ ರೆಕಾರ್ಡ್ ಮಾಡಿದ ಇಂಥ ಸಿಡಿ, ಡಿವಿಡಿ ಡಿಸ್ಕ್‌ಗಳು ಕಪಾಟಿನಲ್ಲಿ ಸುಮ್ನೆ ಕೂತಿವೆ, ಅವರಿಗೆ ಉಪಯೋಗ ಆಗಲಿ ಎಂದು ಅವರೇ ಹೇಳಿದರು.

ಹಿನ್ನೆಲೆ

ನಮ್ಮ ಕಡೆ ಮಳೆಗಾಲ ಬಂತು ಅಂದರೆ ತಾಳಮದ್ದಳೆ ಶುರು. ಬಯಲಾಟ ನಿಂತಿರುತ್ತದೆ. ತಾಳಮದ್ದಳೆ ಅಂದರೆ ಕುಳಿತು ನಡೆಸುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ. ದೇವಸ್ಥಾನದಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಪದ್ಯ ಹಾಡುವ ಭಾಗವತರು, ಮದ್ದಳೆಯವರು, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಕುಳಿತರೆ ಬೆಳಗಾಗುವುದೇ ಗೊತ್ತಾಗುವುದಿಲ್ಲ. ಪದ್ಯ ಪುಸ್ತಕದಲ್ಲಿ ಇರುತ್ತದೆ. ಪಾತ್ರದ ಮಾತು, ಅಂದರೆ ಅರ್ಥ, ಮಾತ್ರ ಆ ಹೊತ್ತಿಗೆ, ಎದುರಿಗೆ ಕುಳಿತವರ ಮಾತಿಗೆ ತಕ್ಕ ಹಾಗೆ ಹುಟ್ಟುತ್ತದೆ. ಅದೇ ಕರ್ಣ, ಅದೇ ಕೃಷ್ಣ, ಅದೇ ಇಬ್ಬರು ಅರ್ಥಧಾರಿಗಳು ಮುಂದಿನ ವಾರ ಕುಳಿತರೂ ಆ ಮಾತು ಮತ್ತೆ ಬರುವುದಿಲ್ಲ. ರೆಕಾರ್ಡಿಂಗ್ ಹೋದರೆ ಆ ರಾತ್ರಿಯೇ ಹೋದ ಹಾಗೆ.

ಈ ಸಂಘದವರು ಮೊದಲು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರು. 2003ರ ಸುಮಾರಿಗೆ ಸಂಘದ ಒಬ್ಬರ ಮನೆಗೆ ಸಿಡಿ ರೈಟರ್ ಇದ್ದ ಕಂಪ್ಯೂಟರ್ ಬಂತು. ಅಲ್ಲಿಂದ ಹತ್ತು ವರ್ಷ ಎಲ್ಲವೂ ಡಿಸ್ಕ್‌ಗೆ ಹೋಯಿತು. ಮೊದಲಿನವು ಆಡಿಯೋ ಸಿಡಿ. ಒಂದರಲ್ಲಿ 80 ನಿಮಿಷ ಮಾತ್ರ ಹಿಡಿಯುವುದರಿಂದ ಒಂದು ರಾತ್ರಿಗೆ ಐದಾರು ಡಿಸ್ಕ್ ಬೇಕಾಗುತ್ತಿತ್ತು. ಆಮೇಲೆ ಎಂಪಿ3 ಮಾಡಿ, 700 ಎಂಬಿಯ ಒಂದೇ ಸಿಡಿಯಲ್ಲಿ ಇಡೀ ರಾತ್ರಿ ತುಂಬಿಸತೊಡಗಿದರು. ಕೊನೆಕೊನೆಗೆ ವಿಡಿಯೋ ಬಂತು, ಡಿವಿಡಿ ಬಂತು.

ಎಲ್ಲ ಸೇರಿ ಇನ್ನೂರರ ಹತ್ತಿರ ಡಿಸ್ಕ್‌ಗಳು. ಸಂಘದ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಅವುಗಳ ವಾಸ. ಕಾಳಜಿ ಇಲ್ಲದ ಜನ ಅಲ್ಲ ಇವರು. ಡಿಸ್ಕ್ ಚೆಂದ ಕಾಣಲಿ ಎಂದು ಪೇಟೆಯಲ್ಲಿ ಗಣಪತಿ ಚಿತ್ರ, ಪ್ರಸಂಗದ ಹೆಸರು, ತಾರೀಖು ಹಾಕಿಸಿದ ದುಂಡನೆ ಸ್ಟಿಕರ್ ಮಾಡಿಸಿ ಅಂಟಿಸಿದ್ದರು. ಬೂಸ್ಟು ಬಾರದಿರಲಿ ಎಂದು ಕಪಾಟಿನ ಒಳಗೆ ಸಣ್ಣ ಬಲ್ಬ್ ಹಾಕಿದ್ದರು. ಮಳೆಗಾಲದಲ್ಲಿ ಬಟ್ಟೆ ಕಪಾಟಿಗೆ ಬಲ್ಬ್ ಹಾಕಿಡುವುದು ಇಲ್ಲಿ ಮನೆಮನೆಯ ರೂಢಿ. ಜೊತೆಗೆ ನುಸಿಗುಳಿಗೆ.

ತೊಂದರೆ ಗೊತ್ತಾದ ಬಗೆ

ತೀರಿಕೊಂಡ ಒಬ್ಬ ಹಿರಿಯ ಅರ್ಥಧಾರಿಗಳ ಮಗ ತಂದೆಯ ಧ್ವನಿ ಬೇಕೆಂದು ಕೇಳಿದರು. ಹುಡುಕಿ ತೆಗೆದ ಡಿಸ್ಕ್ ಕಂಪ್ಯೂಟರ್‌ನಲ್ಲಿ ತೆರೆಯಲಿಲ್ಲ. ಸ್ಟಿಕರ್ ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಅಂಚು ಮೇಲೆದ್ದಿತ್ತು. ಇದರಿಂದಲೇ ಡಿಸ್ಕ್ ಸರಿಯಾಗಿ ತಿರುಗುತ್ತಿಲ್ಲ ಎಂದುಕೊಂಡ ಸಂಘದ ಹುಡುಗನೊಬ್ಬ ಸ್ಟಿಕರ್ ಎಳೆದ. ಅದರ ಜೊತೆಗೆ ಬೆಳ್ಳಿಯ ಪದರವೂ ಕಿತ್ತು ಬಂತು. ಡಿಸ್ಕ್ ಹಿಡಿದು ನೋಡಿದರೆ ಆಚೆ ಬದಿಯ ಕಿಟಕಿ ಕಾಣುತ್ತಿತ್ತು.

ಆಗ ನನ್ನನ್ನು ಕರೆದರು. ಹಳೆಯ ಧ್ವನಿಮುದ್ರಣ ಉಳಿಸುವುದು ನಾನು ಮಾಡಿಕೊಂಡು ಬಂದ ಕೆಲಸ.

ಮನೆಯಲ್ಲಿ ಬರೆಯುವ ಸಿಡಿಯ ರಚನೆ ತಿಳಿದರೆ ಹೀಗೆ ಯಾಕಾಯಿತು ಅನ್ನುವುದು ಅರ್ಥವಾಗುತ್ತದೆ. ಸಿಡಿಯ ದಪ್ಪ 1.2 ಮಿಲಿಮೀಟರ್. ಹೆಚ್ಚುಕಡಿಮೆ ಪೂರ್ತಿ ದಪ್ಪ ಬರೀ ಪ್ಲಾಸ್ಟಿಕ್. ಅದರ ಮೇಲೆ, ಅಂದರೆ ನಾವು ಹೆಸರು ಬರೆಯುವ ಬದಿಯಲ್ಲಿ, ತೆಳ್ಳಗೆ ಬಣ್ಣದ ಪದರ ಇರುತ್ತದೆ. ಲೇಸರ್ ಬರೆಯುವುದು ಈ ಬಣ್ಣದ ಮೇಲೆ. ಅದರ ಮೇಲೆ ಬೆಳ್ಳಿಯ ಪದರ, ಅದನ್ನು ಕಾಯಲು ಒಂದು ತೆಳು ಮೆರುಗೆಣ್ಣೆಯ ಲೇಪ. ಅಷ್ಟೇ. ಎಲ್ಲರೂ ಹೊಳೆಯುವ ಕೆಳಬದಿಗೆ ಗೀರು ಬೀಳದಂತೆ ಜೋಪಾನ ಮಾಡುತ್ತೇವೆ. ಆದರೆ ರೆಕಾರ್ಡಿಂಗ್ ಇರುವುದು ಮೇಲ್ಬದಿಗೆ ಅಂಟಿಕೊಂಡು. ಕೆಳಗಿನ ಸಣ್ಣ ಗೀರನ್ನು ಉಜ್ಜಿ ಸರಿ ಮಾಡಬಹುದು. ಮೇಲಿನ ಪದರ ಕಿತ್ತರೆ ಮತ್ತೆ ಏನೂ ಮಾಡಲಾಗದು.

ಡಿವಿಡಿ ಹಾಗಲ್ಲ. ಅದರಲ್ಲಿ 0.6 ಮಿಲಿಮೀಟರ್‌ನ ಎರಡು ಬಿಲ್ಲೆಗಳನ್ನು ಅಂಟಿಸಿರುತ್ತಾರೆ, ದಾಖಲೆ ಅವುಗಳ ನಡುವೆ ಇರುತ್ತದೆ. ಸ್ಟಿಕರ್ ಕಿತ್ತರೆ ಪದರ ಬರುವುದಿಲ್ಲ. ಆದರೆ ಸ್ಟಿಕರ್ ಸ್ವಲ್ಪ ಓರೆಯಾಗಿದ್ದರೂ ಡಿಸ್ಕ್‌ನ ತೂಕ ಏರುಪೇರಾಗಿ ವೇಗದಲ್ಲಿ ನಡುಗುತ್ತದೆ. ತೇವ ಕುಡಿದು ಒಣಗುವಾಗ ಕಾಗದ ಎಳೆದು ಡಿಸ್ಕ್ ಸ್ವಲ್ಪ ಬಾಗುವುದೂ ಉಂಟು.

ಕಪಾಟಿನ ಒಳಗೆ ಕಂಡದ್ದು

ಸಂಗ್ರಹವನ್ನು ಪೂರ್ತಿ ಹರಡಿ ನೋಡಿದೆವು. ಸ್ಟಿಕರ್ ಇದ್ದವು ಅರ್ಧಕ್ಕಿಂತ ಜಾಸ್ತಿ. ಕೆಲವುದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದರು. ಕೆಲವುದರ ಮೇಲೆ ದಪ್ಪ ಮಾರ್ಕರ್. ಉಳಿದವುಗಳ ಮೇಲೆ ಏನೂ ಇಲ್ಲ, ಹೆಸರು ಕಾಗದದ ಲಕೋಟೆಯ ಮೇಲೆ ಮಾತ್ರ. ಲಕೋಟೆಗಳು ಅದಲುಬದಲಾಗಿದ್ದವು.

ಬಾಲ್‌ಪೆನ್ನಿನ ಒಂದು ಡಿಸ್ಕನ್ನು ತಿರುಗಿಸಿ, ಬೆಳಕಿಗೆ ಓರೆಯಾಗಿ ಹಿಡಿದೆ. ಕೆಳಬದಿಯಿಂದ ಅಕ್ಷರಗಳು ಕಾಣುತ್ತಿದ್ದವು, ತಿರುಗುಮುರುಗಾಗಿ. ‘ಶ್ರಾವಣ’ ಎನ್ನುವಲ್ಲಿ ಒತ್ತಕ್ಷರ ಎಲ್ಲಿ ಬಾಗಿದೆ ಅನ್ನುವುದೂ ತಿಳಿಯುತ್ತಿತ್ತು. ಪೆನ್ನಿನ ತುದಿ ಮೆರುಗೆಣ್ಣೆಯನ್ನು ಒತ್ತಿ, ಬೆಳ್ಳಿಯ ಪದರದವರೆಗೆ ಗುರುತು ಹೋಗಿತ್ತು. ಆ ಡಿಸ್ಕ್‌ನಲ್ಲಿ ಓದಲಾಗದ ಜಾಗಗಳು ಬಹುಮಟ್ಟಿಗೆ ಬರಹ ಇದ್ದ ಕಡೆಯೇ ಸಿಕ್ಕವು.

ಮಾರ್ಕರ್‌ನದು ಇನ್ನೊಂದು ಬಗೆ. ಪೇಟೆಯ ದಪ್ಪ ಪರ್ಮನೆಂಟ್ ಮಾರ್ಕರ್‌ಗಳಲ್ಲಿ ಕೆಲವಕ್ಕೆ ಝೈಲೀನ್, ಟೊಲುವೀನ್‌ನಂಥ ದ್ರಾವಕ ಇರುತ್ತದೆ. ಅದಕ್ಕೆ ಮೆರುಗೆಣ್ಣೆಯನ್ನು ಕರಗಿಸುವ ಗುಣ ಇದೆ. ಆದರೂ ಮಾರ್ಕರ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಸ್ಟಿಕರ್‌ನವುಗಳಿಗಿಂತ ಚೆನ್ನಾಗಿದ್ದವು. ಬರೆದದ್ದು ಕಡಿಮೆ, ಒತ್ತಿಲ್ಲ, ಅಂಟಿಲ್ಲ.

ಸ್ಟಿಕರ್‌ನ ಅಂಟು ಇಲ್ಲಿನ ಹವೆಗೆ ಹೇಳಿಮಾಡಿಸಿದ ಶತ್ರು. ಕಾಗದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪ್ರತಿ ವರ್ಷ ಹೀಗೆ. ಅದರ ಅಡಿಯ ತೆಳು ಪದರಕ್ಕೆ ಈ ಎಳೆದಾಟ ತಡೆಯುವುದಿಲ್ಲ. ತೇವ ಒಮ್ಮೆ ಬೆಳ್ಳಿಯವರೆಗೆ ಹೋದರೆ ಅದು ಕಪ್ಪಾಗುತ್ತದೆ. ಅಂಚಿನಿಂದ ಒಳಕ್ಕೆ ಕಂದು ಬಣ್ಣ ಹರಡಿದ ಡಿಸ್ಕ್‌ಗಳು ಹಲವು ಇದ್ದವು.

ಬಲ್ಬ್‌ನ ವಿಷಯ ಹೇಳಲು ನನಗೆ ನಿಜಕ್ಕೂ ಕಷ್ಟವಾಯಿತು. ಪ್ರೀತಿಯಿಂದ ಮಾಡಿದ ಕೆಲಸ ಅದು. ಆದರೆ ಬರೆಯುವ ಡಿಸ್ಕ್‌ನ ಬಣ್ಣದ ಪದರಕ್ಕೆ ಬೆಳಕೂ ಬಿಸಿಯೂ ಆಗಿಬರುವುದಿಲ್ಲ. ಲಕೋಟೆ ಇಲ್ಲದೆ ಬಲ್ಬ್‌ಗೆ ಹತ್ತಿರ ಇದ್ದ ಮೇಲಿನ ಸಾಲಿನ ಡಿಸ್ಕ್‌ಗಳ ಸ್ಥಿತಿ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಬಟ್ಟೆಗೆ ಒಳ್ಳೆಯದಾದ ಬಲ್ಬ್ ಡಿಸ್ಕ್‌ಗೆ ಒಳ್ಳೆಯದಲ್ಲ. ಅವತ್ತೇ ತೆಗೆಸಿದೆವು. ನುಸಿಗುಳಿಗೆಯನ್ನೂ ತೆಗೆಸಿದೆವು. ಇಂಥ ಆವಿಯಾಗುವ ರಾಸಾಯನಿಕಕ್ಕೆ ಪ್ಲಾಸ್ಟಿಕ್ ಪಕ್ಕದಲ್ಲಿ ಜಾಗ ಇರಬಾರದು.

“ಹಾಡ್ತಾ ಇದೆ ಅಲ್ವಾ?”

ಕೆಲಸ ಶುರುವಾಗುವ ಮೊದಲೇ ಒಂದು ಭಿನ್ನಾಭಿಪ್ರಾಯ ಬಂತು. ಸಂಘದ ಅಧ್ಯಕ್ಷರು ಎಂಬತ್ತು ದಾಟಿದವರು. ಒಂದು ಆಡಿಯೋ ಸಿಡಿಯನ್ನು ಮನೆಯ ಪ್ಲೇಯರ್‌ಗೆ ಹಾಕಿ ಕೇಳಿಸಿದರು. ಭಾಗವತಿಕೆ ಸ್ಪಷ್ಟವಾಗಿ ಬಂತು. “ತಮಾ, ಇದು ಹಾಡ್ತಾ ಇದೆ ಅಲ್ವಾ? ಇದಕ್ಕೇನಾಗಿದೆ? ಹಾಡದೇ ಇದ್ದವನ್ನ ಮೊದಲು ನೋಡು” ಎಂದರು.

ಇಲ್ಲಿ ನಾವು ತೆಗೆದುಕೊಂಡ ತೀರ್ಮಾನವೇ ಮುಂದಿನದನ್ನೆಲ್ಲ ಬದಲಿಸಿತು. ಆಡಿಯೋ ಸಿಡಿ ಪ್ಲೇಯರ್ ಒಂದು ತುಣುಕು ಓದಲಾಗದಿದ್ದರೆ ನಿಲ್ಲುವುದಿಲ್ಲ. ಅಕ್ಕಪಕ್ಕದ ಧ್ವನಿ ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ಸವೆತ ಸಾಕಷ್ಟು ಆಗಿದ್ದರೂ ಕಿವಿಗೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ತುಂಬಿಕೊಳ್ಳುವುದಕ್ಕೂ ಏನೂ ಉಳಿದಿರುವುದಿಲ್ಲ. ಎಂಪಿ3 ಇರುವ ಡೇಟಾ ಸಿಡಿಯಲ್ಲಿ ಈ ಅಂದಾಜು ನಡೆಯುವುದಿಲ್ಲ. ಅಲ್ಲಿ ತಪ್ಪು ತಿದ್ದುವ ಇನ್ನೊಂದು ಹೆಚ್ಚಿನ ವ್ಯವಸ್ಥೆ ಇದೆ. ಅದೂ ಸೋತರೆ ಆ ತುಣುಕು ಸಿಗಲಿಲ್ಲ ಎಂದೇ ಡ್ರೈವ್ ಹೇಳಿಬಿಡುತ್ತದೆ.

ಅಧ್ಯಕ್ಷರ ಎದುರಿಗೇ ಅದೇ ಸಿಡಿಯನ್ನು ಕಂಪ್ಯೂಟರ್‌ಗೆ ಹಾಕಿ ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶದಲ್ಲಿ ಓದಿಸಿದೆ. ಅದು ಪ್ರತಿ ತುಣುಕನ್ನೂ ಎರಡೆರಡು ಸಲ ಓದಿ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. ಮೊದಲ ಪದ್ಯಗಳು ಸಲೀಸಾಗಿ ಬಂದವು. ಕೊನೆಯ ಅರ್ಧ ಗಂಟೆ ಬರುವಾಗ ವೇಗ ಕುಸಿಯಿತು, ಕೆಂಪು ಗುರುತು ಸಾಲುಗಟ್ಟಿತು. ಸಿಡಿಯಲ್ಲಿ ಲೇಸರ್‌ನ ಬರಹ ಒಳಗಿನಿಂದ ಶುರುವಾಗಿ ಹೊರಗಿನ ಅಂಚಿಗೆ ಹೋಗುತ್ತದೆ. ತೇವ ಬರುವುದು ಅಂಚಿನಿಂದ. ಹಾಗಾಗಿ ಡಿಸ್ಕ್‌ನ ಕೊನೆಯ ಭಾಗ, ಹಲವು ಸಲ ವಾದ ಬಿಸಿಯೇರಿದ ಹೊತ್ತು, ಮೊದಲು ಹೋಗುತ್ತದೆ. ಅಧ್ಯಕ್ಷರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಹಾಗಾದ್ರೆ ಹಾಡುವವನ್ನೇ ಮೊದಲು ತೆಗಿ” ಎಂದರು.

ಕ್ರಮ ಹೀಗೆ ನಿಗದಿಯಾಯಿತು. ಇನ್ನೂ ಓದಲು ಬರುವ, ಬೇರೆಲ್ಲೂ ಪ್ರತಿ ಇಲ್ಲದ ಡಿಸ್ಕ್‌ಗಳು ಮೊದಲು. ಅದರಲ್ಲೂ ಎಂಪಿ3 ಡಿಸ್ಕ್‌ಗಳಿಗೆ ಆದ್ಯತೆ, ಯಾಕೆಂದರೆ ಒಂದು ಹೋದರೆ ಇಡೀ ರಾತ್ರಿ ಹೋಗುತ್ತದೆ. ಪೂರ್ತಿ ಕೆಟ್ಟವು ಕೊನೆಗೆ. ಹೆಸರಾಂತ ಕಲಾವಿದರದ್ದು ಮೊದಲು ಆಗಲಿ ಎಂಬ ಒತ್ತಾಯ ಇತ್ತು. ಆದರೆ ಅಂಥವರ ರೆಕಾರ್ಡಿಂಗ್ ಬೇರೆ ಹತ್ತು ಕಡೆ ಇರುತ್ತದೆ. ಊರಿನ ಶಾಲೆಯ ಮಾಸ್ತರರೊಬ್ಬರು ಹೇಳಿದ ಅರ್ಥ ಈ ಕಪಾಟಿನಲ್ಲಿ ಮಾತ್ರ ಇದೆ. ಈ ಮಾತಿನಲ್ಲಿ ನಾನು ಗಟ್ಟಿಯಾಗಿ ನಿಂತೆ.

ಓದಿಸಿದ ಬಗೆ

ಮೊದಲ ನಿಯಮ: ಯಾವ ಸ್ಟಿಕರನ್ನೂ ಕೀಳುವುದಿಲ್ಲ. ನೀರು ಹಾಕಿ ಬಿಡಿಸುವುದಿಲ್ಲ, ಬಿಸಿ ಮಾಡುವುದಿಲ್ಲ, ಮೇಲೆದ್ದ ಅಂಚನ್ನು ಗೋಂದು ಹಾಕಿ ಒತ್ತುವುದೂ ಇಲ್ಲ. ತೀರಾ ಜೋತಾಡುವ ಅಂಚನ್ನು ಮಾತ್ರ ಎಳೆಯದೆ ಕತ್ತರಿಯಿಂದ ಕತ್ತರಿಸಿದೆವು. ಇವನ್ನು ಟ್ರೇ ಹೊರಬರುವ ಡ್ರೈವ್‌ನಲ್ಲೇ ಹಾಕಿದೆವು. ಸೀಳಿನಲ್ಲಿ ಡಿಸ್ಕ್ ನುಂಗುವ ಡ್ರೈವ್‌ಗೆ ಹಾಕಿದರೆ ಸ್ಟಿಕರ್ ಒಳಗೆ ಸಿಕ್ಕಿಕೊಳ್ಳಬಹುದು. ಓದುವ ವೇಗವನ್ನು ಆದಷ್ಟು ಇಳಿಸಿದೆವು. ವೇಗ ಇಳಿದ ಮೇಲೆ ನಡುಗುವುದು ನಿಂತು, ಮೊದಲು ಗುರುತೇ ಹಿಡಿಯದಿದ್ದ ಕೆಲವು ಡಿವಿಡಿಗಳು ತೆರೆದುಕೊಂಡವು.

ಬೂಸ್ಟು ಹಿಡಿದವನ್ನು ಮೊದಲು ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಒಣಗಿಸಿದೆವು. ಆಮೇಲೆ ಕೆಳಬದಿಯನ್ನು ಮಾತ್ರ ಮೆತ್ತನೆ ಹತ್ತಿಬಟ್ಟೆಯಿಂದ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಒರೆಸಿದೆವು. ಸುತ್ತು ಹಾಕಿ ಒರೆಸಬಾರದು. ಬರಹ ಸುತ್ತಾಗಿ ಇರುವುದರಿಂದ ಆ ದಿಕ್ಕಿಗೆ ಒಂದು ಗೀರು ಬಿದ್ದರೂ ಒಂದೇ ಸಾಲು ಉದ್ದಕ್ಕೂ ಹಾಳಾಗುತ್ತದೆ, ಅದನ್ನು ತಿದ್ದುವುದು ಡ್ರೈವ್‌ಗೆ ಕಷ್ಟ.

ಡೇಟಾ ಡಿಸ್ಕ್‌ಗಳಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿದೆವು. ಇದರ ದೊಡ್ಡ ಅನುಕೂಲ ಅಂದರೆ, ಎಲ್ಲಿ ಓದಿತು ಎಲ್ಲಿ ಓದಲಿಲ್ಲ ಅನ್ನುವುದರ ಲೆಕ್ಕವನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕನ್ನು ತೆಗೆದು ಬೇರೆ ಡ್ರೈವ್‌ಗೆ ಹಾಕಿದರೆ ಉಳಿದ ಜಾಗಗಳನ್ನಷ್ಟೇ ಪ್ರಯತ್ನಿಸುತ್ತದೆ. ಹೊಸ ಲ್ಯಾಪ್‌ಟಾಪ್ ಡ್ರೈವ್ ಓದಲಾಗದೆ ಬಿಟ್ಟ ತುಣುಕುಗಳನ್ನು ಸಂಘದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಡೆಸ್ಕ್‌ಟಾಪ್‌ನ ಡ್ರೈವ್ ಓದಿತು. ಅದು ಬಿಟ್ಟದ್ದನ್ನು ಇನ್ನೊಂದು ಓದಿತು. ಒಂದೊಂದು ಡ್ರೈವ್‌ನ ಕಣ್ಣು ಒಂದೊಂದು ತರ. ಹಳೆಯ ಡ್ರೈವ್‌ಗಳನ್ನು ಗುಜರಿಗೆ ಕೊಡುವ ಮೊದಲು ದಯವಿಟ್ಟು ಈ ಕೆಲಸ ಮುಗಿಸಿಕೊಳ್ಳಿ.

ಕೆಲವು ಡಿವಿಡಿಗಳು ನೋಡಲು ಚೆನ್ನಾಗಿದ್ದರೂ ಖಾಲಿ ಎಂದು ತೋರಿಸಿದವು. ರೆಕಾರ್ಡ್ ಆದ ಮೇಲೆ ಫೈನಲೈಸ್ ಮಾಡದೆ, ಅಂದರೆ ಬೇರೆ ಯಂತ್ರವೂ ಓದುವಂತೆ ಬರಹ ಮುಗಿಸಿ ಮುಚ್ಚದೆ, ತೆಗೆದಿಟ್ಟ ಡಿಸ್ಕ್‌ಗಳು ಅವು. ಬರೆದ ಯಂತ್ರವೇ ಇನ್ನೂ ಒಬ್ಬರ ಮನೆಯಲ್ಲಿ ಇತ್ತು, ಅದರಲ್ಲಿ ಹಾಕಿ ಫೈನಲೈಸ್ ಮಾಡಿಸಿದ ಮೇಲೆ ಸರಿಹೋದವು.

ಯಾವ ಡಿಸ್ಕ್ ಯಾವ ರಾತ್ರಿಯದು ಅನ್ನುವುದು ಓದಿಸುವುದಕ್ಕಿಂತ ದೊಡ್ಡ ಕೆಲಸವಾಯಿತು. ‘ತಾಳಮದ್ದಳೆ 2’ ಎಂದು ಬರೆದ ಡಿಸ್ಕ್‌ಗಳೇ ಏಳೆಂಟು ಇದ್ದವು. ಅಧ್ಯಕ್ಷರು, ಅವರ ವಯಸ್ಸಿನ ಇನ್ನಿಬ್ಬರು ಕುಳಿತು ಕೇಳಿದರು. ಭಾಗವತರ ಧ್ವನಿ, ಮದ್ದಳೆಯ ಕೈ ಕೇಳಿಯೇ ಯಾರೆಂದು ಹೇಳಿದರು. ಒಂದರಲ್ಲಿ ಮಾತಿನ ಹಿಂದೆ ತಗಡಿನ ಮಾಡಿನ ಮೇಲೆ ಬೀಳುವ ಮಳೆ ಕೇಳುತ್ತಿತ್ತು. ಅದರಿಂದ ಯಾವ ಮನೆಯ ಜಗಲಿ ಎಂದು ಗೊತ್ತಾಯಿತು. ಆ ವರ್ಷ ಅವರ ಮನೆಗೆ ಹೊಸದಾಗಿ ತಗಡು ಹಾಕಿಸಿದ್ದರಂತೆ. ಈ ಮೂವರು ಇಲ್ಲದಿದ್ದರೆ ಧ್ವನಿ ಉಳಿದರೂ ಅದು ಯಾರದೆಂದು ಹೇಳುವವರು ಇರುತ್ತಿರಲಿಲ್ಲ.

ಹೊಸ ಪ್ರತಿಗೆ ಹೆಸರು ಬರೆಯುವ ಪ್ರಶ್ನೆ

ಹುಡುಗರಿಗೆ ಹೊಸ ಡಿಸ್ಕ್ ಮೇಲೆ ಅರ್ಥಧಾರಿಗಳ ಫೋಟೋ ಬೇಕಿತ್ತು. ಆಸೆ ತಪ್ಪಲ್ಲ. ಫೋಟೋವನ್ನು ಡಬ್ಬಿಯ ಕಾಗದಕ್ಕೆ ಹಾಕೋಣ, ಡಿಸ್ಕ್‌ಗೆ ಬೇಡ ಎಂದು ತೀರ್ಮಾನ ಆಯಿತು. ಡಿಸ್ಕ್ ಮೇಲೆ ಬರೆಯುವುದು ಒಂದು ಸಂಖ್ಯೆ ಮಾತ್ರ. ಅದನ್ನೂ ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಉಂಗುರದ ಮೇಲೆ, ನೀರು ಆಧಾರದ ಶಾಯಿ ಇರುವ ಮೆತ್ತನೆ ತುದಿಯ ಪೆನ್ನಿನಲ್ಲಿ. ಆ ಉಂಗುರದಲ್ಲಿ ಬೆಳ್ಳಿಯೂ ಇಲ್ಲ, ದಾಖಲೆಯೂ ಇಲ್ಲ. ಶಾಯಿ ಏನೇ ಮಾಡಿಕೊಂಡರೂ ನಷ್ಟವಿಲ್ಲ. ಪ್ಲಾಸ್ಟಿಕ್ ಮೇಲೆ ಈ ಶಾಯಿ ನಿಧಾನ ಒಣಗುತ್ತದೆ, ಪೂರ್ತಿ ಒಣಗಿದ ಮೇಲೇ ಡಬ್ಬಿಗೆ ಹಾಕಬೇಕು.

ಉಳಿದ ವಿವರವೆಲ್ಲ ದಾಖಲೆ ವಹಿಯಲ್ಲಿ: ಸಂಖ್ಯೆ, ತಾರೀಖು, ಸ್ಥಳ, ಪ್ರಸಂಗ, ಹಿಮ್ಮೇಳ, ಯಾರು ಯಾವ ಪಾತ್ರ, ಯಾರು ರೆಕಾರ್ಡ್ ಮಾಡಿದ್ದು, ಗುರುತು ಹೇಳಿದವರು ಯಾರು. ಇದೇ ಮಾಹಿತಿ ಪ್ರತಿ ಡಿಸ್ಕ್ ಒಳಗೂ ಒಂದು ಪಠ್ಯ ಫೈಲ್ ಆಗಿ ಇದೆ, ಯೂನಿಕೋಡ್ ಕನ್ನಡದಲ್ಲಿ. ಹಳೆಯ ಡಿಸ್ಕ್‌ಗಳಲ್ಲೂ ಇಂಥ ಫೈಲ್‌ಗಳು ಇದ್ದವು. ಆದರೆ ಆಗಿನ ನುಡಿ ಫಾಂಟ್‌ನಲ್ಲಿ ಬರೆದದ್ದರಿಂದ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ಅವನ್ನು ಪರಿವರ್ತಿಸಿದ್ದರಿಂದಲೂ ಹಲವು ತಾರೀಖು ಸಿಕ್ಕವು. ಫೈಲ್‌ಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇಟ್ಟೆವು. ಯಾವ ಯಂತ್ರದಲ್ಲೂ ತೊಂದರೆ ಆಗದಿರಲಿ ಎಂದು.

ಎಲ್ಲಿ ಇಡುವುದು? ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2003ರಲ್ಲಿ ಕೊಟ್ಟ ಸಲಹೆ ಪ್ರಕಾರ ದೀರ್ಘಕಾಲಕ್ಕೆ 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, 20ರಿಂದ 50 ಶೇಕಡಾ ತೇವಾಂಶ ಇರಬೇಕು. ಕುಮಟಾದಲ್ಲಿ ವರ್ಷವಿಡೀ ಎಸಿ ಹಾಕುವ ಶಕ್ತಿ ಸಂಘಕ್ಕೆ ಇಲ್ಲ. ಉಷ್ಣಾಂಶ ನಮ್ಮ ಕೈಲಿಲ್ಲ, ತೇವ ಮತ್ತು ಬೆಳಕು ನಮ್ಮ ಕೈಲಿವೆ ಎಂದು ಕಾರ್ಯದರ್ಶಿ ಹೇಳಿದ್ದು ಸರಿಯಾದ ದಾರಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೊಂದು ಡಿಸ್ಕ್, ನೆಟ್ಟಗೆ ನಿಲ್ಲಿಸಿ, ರಬ್ಬರ್ ಅಂಚಿನ ಮುಚ್ಚಳದ ದೊಡ್ಡ ಪೆಟ್ಟಿಗೆಯೊಳಗೆ. ಜೊತೆಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮಾಪಕ. ಪೆಟ್ಟಿಗೆ ಒಳಗೋಡೆಯ ಬದಿಗೆ ಇರುತ್ತದೆ. ಮಳೆ ಹೊಡೆಯುವ ಗೋಡೆಗೆ ತಾಗಿಸಿ ಇಡುವುದಿಲ್ಲ. ಪಿವಿಸಿ ಹಾಳೆಯ ಆಲ್ಬಮ್‌ಗಳನ್ನು ಬಿಟ್ಟೆವು, ಕಾಗದದ ಲಕೋಟೆಯನ್ನೂ ಬಿಟ್ಟೆವು.

2019ರ ಆಗಸ್ಟ್‌ನಲ್ಲಿ ಅಘನಾಶಿನಿಗೆ ನೆರೆ ಬಂದದ್ದು ಎಲ್ಲರಿಗೂ ನೆನಪಿತ್ತು. ಎಷ್ಟೇ ಜೋಪಾನ ಮಾಡಿದರೂ ಒಂದೇ ಊರಿನಲ್ಲಿ ಇಟ್ಟರೆ ಒಂದೇ ನೆರೆಗೆ ಹೋಗುತ್ತದೆ. ಹಾಗಾಗಿ ಪೂರ್ತಿ ಸಂಗ್ರಹದ ಎರಡು ಹಾರ್ಡ್ ಡಿಸ್ಕ್ ಮಾಡಿ, ಒಂದನ್ನು ಊರಲ್ಲೂ ಇನ್ನೊಂದನ್ನು ದೇವಿಮನೆ ಘಟ್ಟದಾಚೆ ಶಿರಸಿಯಲ್ಲಿ ಇರುವ ಸದಸ್ಯರ ಮನೆಯಲ್ಲೂ ಇಟ್ಟರು. ಬೇರೆಲ್ಲೂ ಸಿಗದ ರಾತ್ರಿಗಳನ್ನು ಎಂ-ಡಿಸ್ಕ್‌ಗೂ ಬರೆದೆವು. ಅದರ ಬರಹದ ಪದರದಲ್ಲಿ ಮಾಸುವ ಬಣ್ಣ ಇಲ್ಲ, ಕಲ್ಲಿನಂಥ ವಸ್ತುವಿನ ಪದರ ಇದೆ. ಅದಕ್ಕೆ ಹೊಂದುವ ರೈಟರ್ ಬೇಕು. ಸಾವಿರ ವರ್ಷ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ. ಆ ಮಾತನ್ನು ನಂಬಿ ಬೇರೆ ಪ್ರತಿ ಬಿಡಬೇಡಿ ಎಂದು ಸಂಘಕ್ಕೆ ಹೇಳಿದ್ದೇನೆ. ಬರೆದ ಪ್ರತಿಯೊಂದನ್ನೂ ಬರೆದ ಡ್ರೈವ್‌ನಲ್ಲಿ ಅಲ್ಲ, ಬೇರೆ ಡ್ರೈವ್‌ನಲ್ಲಿ ಓದಿಸಿ ನೋಡಿದೆವು. ಪ್ರತಿ ಫೈಲ್‌ಗೆ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಲೆಕ್ಕವನ್ನು ವಹಿಗೆ ಸೇರಿಸಿದೆವು. ಫೈಲ್‌ನಲ್ಲಿ ಒಂದು ಚುಕ್ಕೆ ಬದಲಾದರೂ ಈ ಲೆಕ್ಕ ಬದಲಾಗುತ್ತದೆ.

ಏನು ಉಳಿಯಿತು, ಏನು ಹೋಯಿತು

ಹೆಚ್ಚಿನ ಡಿಸ್ಕ್‌ಗಳು ಪೂರ್ತಿ ಸಿಕ್ಕವು. ಕೆಲವು ಅರ್ಧ ಸಿಕ್ಕವು. ಒಂದಿಷ್ಟು ಹೋಗೇಬಿಟ್ಟವು, ಅವುಗಳಲ್ಲಿ ಬಹುಪಾಲು ಸ್ಟಿಕರ್ ಅಂಟಿಸಿದ ಸಿಡಿಗಳು. ತಂದೆಯ ಧ್ವನಿ ಕೇಳಿ ಬಂದವರಿಗೆ ಆ ಮೊದಲ ಡಿಸ್ಕ್‌ನಿಂದ ಏನೂ ಕೊಡಲಾಗಲಿಲ್ಲ. ಆದರೆ ಹೆಸರಿಲ್ಲದ ಒಂದು ಎಂಪಿ3 ಡಿಸ್ಕ್‌ನಲ್ಲಿ ಅವರ ತಂದೆಯ ಬೇರೊಂದು ರಾತ್ರಿಯ ಅರ್ಥ ಇತ್ತು. ಅಧ್ಯಕ್ಷರು ಎರಡು ವಾಕ್ಯ ಕೇಳುವಷ್ಟರಲ್ಲಿ ಗುರುತು ಹಿಡಿದರು.

ಓದಲಾಗದ ಡಿಸ್ಕ್‌ಗಳನ್ನು ಎಸೆದಿಲ್ಲ. ಸ್ಟಿಕರ್ ಸಮೇತ ಬೇರೆ ಪೆಟ್ಟಿಗೆಯಲ್ಲಿ ಇವೆ. ಮುಂದೆ ಇನ್ನೊಂದು ಡ್ರೈವ್ ಸಿಕ್ಕರೆ ಮತ್ತೆ ಪ್ರಯತ್ನಿಸಬಹುದು.

ಪ್ರತಿ ವರ್ಷ ದೀಪಾವಳಿ ಹೊತ್ತಿಗೆ, ಮಳೆ ಪೂರ್ತಿ ಬಿಟ್ಟ ಮೇಲೆ, ಸಂಘದ ಇಬ್ಬರು ಕುಳಿತು ಒಂದಷ್ಟು ಡಿಸ್ಕ್‌ಗಳನ್ನೂ ಎರಡೂ ಹಾರ್ಡ್ ಡಿಸ್ಕ್‌ಗಳನ್ನೂ ಪರೀಕ್ಷಿಸುತ್ತಾರೆ. ಸಿಲಿಕಾ ಜೆಲ್ ಬದಲಿಸುತ್ತಾರೆ. ಕಳೆದ ಸಲ ಎರಡು ಡಿಸ್ಕ್‌ಗಳಲ್ಲಿ ಓದುವ ತಪ್ಪು ಏರುತ್ತಿದ್ದದ್ದು ಕಂಡಿತು. ಕೇಳಿದರೆ ಎರಡೂ ಚೆನ್ನಾಗಿಯೇ ಇದ್ದವು. ಹಾರ್ಡ್ ಡಿಸ್ಕ್‌ನಿಂದ ಹೊಸ ಪ್ರತಿ ಬರೆದು, ಬೇರೆ ಡ್ರೈವ್‌ನಲ್ಲಿ ಓದಿಸಿ, ವಹಿಯಲ್ಲಿ ಹಳೆಯ ಸಂಖ್ಯೆಯ ಮುಂದೆಯೇ ತಾರೀಖು ಹಾಕಿ ದಾಖಲಿಸಿದ್ದಾರೆ.